ಮುಯ್ಯಿ ಪುಸ್ತಕ

ಕ್ರೌಡ್‌ಫಂಡಿಂಗ್ ಅಂದರೇನು ಅಂತ
ಹಾಲೇಶಪ್ಪನಿಗೆ ಎರಡು ಸಲ ಹೇಳಿದೆ.
ರೋಲರ್ ಒರೆಸುತ್ತಿದ್ದವನು ಕೈ ನಿಲ್ಲಿಸಿ
'ಮುಯ್ಯಿ ಅನ್ನಿ ಮತ್ತೆ' ಅಂದ.
ಹೌದು. ಮುಯ್ಯಿ.
ಗಂಡಿಲ್ಲ, ಹೆಣ್ಣಿಲ್ಲ, ಓಲಗವಿಲ್ಲ,
ಇಪ್ಪತ್ತೇಳು ವರ್ಷದ ಹಿಂದೆ ನಿಂತುಹೋದ ಪತ್ರಿಕೆಗೆ
ಮುನ್ನೂರ ಹದಿನಾಲ್ಕು ಜನ ಬರೆಸಿದ ಮುಯ್ಯಿ.

ಪತ್ರಿಕೆಯ ಹೆಸರು ಮೂರು ಜೀವ.
ದುರ್ಗಿಗುಡಿಯಲ್ಲಿ ರೆಬೆಲ್ಲೊ ಸರ್ ಅವರ ಟೈಪಿಂಗ್ ಇನ್‌ಸ್ಟಿಟ್ಯೂಟು,
ಮುಂದೆ ಎಂಟು ಟೈಪ್‌ರೈಟರು,
ಪರದೆಯ ಹಿಂದೆ ನಾಲ್ಕು ವಿಡಿಯೊ ಗೇಮು,
ಹತ್ತು ನಿಮಿಷಕ್ಕೆ ಒಂದು ರೂಪಾಯಿ.
ಈಚೆ ಎ ಎಸ್ ಡಿ ಎಫ್, ಆಚೆ ಢಂ ಢಂ.
ಮೂರು ಜೀವ ಅಂದರೆ, ಸರ್ ಹೇಳುತ್ತಿದ್ದರು,
ತಪ್ಪು ಮಾಡಲು ಎರಡು ಸಲ ಪರವಾನಗಿ.
ಬದುಕಿನಲ್ಲಿ ಅಂತಲ್ಲ,
ಅಷ್ಟು ದೂರದ ಮಾತು ಅವರಿಗೆ ಬರುತ್ತಿರಲಿಲ್ಲ.
ಆ ಮೂಲೆಯ ಮಶೀನಿನಲ್ಲಿ ಅಂತ.

ಹತ್ತೊಂಬತ್ತು ಸಂಚಿಕೆ.
ಕೊನೆಯದರ ಕೊನೇ ಪುಟದಲ್ಲಿ ದಪ್ಪಕ್ಷರ:
ಮುಂದಿನ ತಿಂಗಳು ನೋಡಿ.
ನೋಡುತ್ತಲೇ ಇದ್ದೇವೆ.

ಹದಿನೆಂಟು ಸಿಕ್ಕವು.
ಹೊಸನಗರದ ಕಟಿಂಗ್ ಶಾಪಿನ ಬೆಂಚಿನಡಿಯಿಂದ ಮೂರು,
ಒಂದರ ಮೇಲೆ ಚಹಾ ಲೋಟದ ಉಂಗುರ,
ಅದನ್ನು ಕಂಪ್ಯೂಟರಿನಲ್ಲಿ ಅಳಿಸಕೂಡದು
ಅಂತ ಕೊಟ್ಟವರ ಷರತ್ತು.
ಒಂಬತ್ತನೆಯದು ಮಾತ್ರ ಎಲ್ಲೂ ಇರಲಿಲ್ಲ.

ಆಮೇಲೆ ಸಾಗರದಿಂದ ಗೌರಿಬಾಯಿ ಅನ್ನುವವರು
ಬಸ್ಸಿನಲ್ಲಿ ಒಂದು ಮೊರ ಕಳಿಸಿದರು.
ಮೆಂತ್ಯದ ಹಿಟ್ಟಿನಲ್ಲಿ ಕಾಗದ ಮೆತ್ತಿದ ಹಳೇ ಮೊರ,
ಅಡಿಗೆ ಇಡೀ ಹಾಳೆಯೊಂದು ಅಂಟಿಸಿದ್ದು. ಪುಟ ಹದಿಮೂರು.
ಸ್ಕ್ಯಾನರಿನ ಮೇಲಿಟ್ಟೆ. ಮುಚ್ಚಳ ಕೂರಲಿಲ್ಲ.
ಹಾಲೇಶಪ್ಪ ತನ್ನ ಟವೆಲು ಹೊದಿಸಿದ.
ಪರದೆಯ ಮೇಲೆ ಸಾಲುಸಾಲಾಗಿ ಇಳಿಯಿತು
ನಾಲ್ಕನೇ ಕೋಟೆಯ ನಕ್ಷೆ.

ನಾನು ಬರೆದದ್ದು.

ಒಂಬತ್ತನೇ ಕ್ಲಾಸು, ಗ್ರಾಫ್ ಹಾಳೆ.
ಭದ್ರಾವತಿಯಿಂದ ಅಣ್ಣನ ಜೊತೆ ಬಸ್ಸು.
ಹುಡುಗಿಯರು ಪರದೆಯ ಈಚೆ ಅಂತಿತ್ತು.
ಟೈಪಿಂಗ್ ಫೀಸು ಕಟ್ಟಿ, ಪರದೆಯ ಸೀಳಿನಲ್ಲಿ
ಅವನ ಆಟ ನೋಡುತ್ತ ನಾನು ಇಟ್ಟಿಗೆ ಎಣಿಸಿದೆ.
ಎಡಗೋಡೆ, ಕೆಳಗಿನಿಂದ ಏಳನೆಯದು,
ಗುದ್ದಿದರೆ ಒಂದು ಜೀವ.
ಅಣ್ಣನ ಹೆಸರಲ್ಲಿ ಕಳಿಸಿದೆ.
ಅಚ್ಚಾಯಿತು: ಪಿ. ರೇಣುಕೇಶ, ಪೇಪರ್ ಟೌನ್.
ಬಹುಮಾನ ಹತ್ತು ಟೋಕನ್, ಅವನೇ ಆಡಿ ಮುಗಿಸಿದ.
ಕಾಗದ ಅಪ್ಪನ ಮಿಲ್ಲಿನದೇ ಇರಬೇಕು.
ಈಗ ಮಿಲ್ಲಿಲ್ಲ, ಈ ಪುಸ್ತಕದ ಕಾಗದ
ತಮಿಳುನಾಡಿನಿಂದ ಲಾರಿಯಲ್ಲಿ ಬಂತು.

ದಾವಣಗೆರೆಯಿಂದ ಅಣ್ಣ
ಎರಡು ಸಾವಿರದ ಒಂದು ಹಾಕಿದ್ದಾನೆ.
ಜೊತೆಗೆ ಮೆಸೇಜು: 'ನನ್ನ ನಕ್ಷೆ ಬಿಡಬೇಡ, ವನೂ.'
ಸುಳ್ಳಲ್ಲ ಅದು.
ಅವನಿಗೆ ಹಾಗೇ ನೆನಪು.

ಹೆಸರಿನ ಜಾಗವನ್ನು ಮೊರ ತಿಂದಿದೆ.
'ಪಿ.' ಆದಮೇಲೆ ಬರೀ ಬಿದಿರಿನ ಹೆಣಿಗೆ.
ಫಾಂಟು ಹೊಂದಿಸಬಲ್ಲೆ, ಮಸಿಯ ಮಾಸಲು ಹೊಂದಿಸಬಲ್ಲೆ,
ರಾತ್ರಿ ಒಂದೂವರೆಗೆ ಹೊಂದಿಸಿಯೂ ನೋಡಿದೆ:
ರೇಣುಕೇಶ.
ವನಮಾಲ.
ಎರಡೂ ನಾಲ್ಕೇ ಅಕ್ಷರ,
ಎರಡೂ ಸರಿಯಾಗಿ ಕೂತವು.
ಅಳಿಸಿದೆ. ಬಿದಿರು ಬಿದಿರಾಗೇ ಇರಲಿ.

ಕೊನೇ ಫಾರಮ್ಮು ಮುಯ್ಯಿ ಪಟ್ಟಿ.
ಕುಂಸಿಯ ಇಮಾಮ್ ಸಾಬ್, ನೂರಾ ಒಂದು.
ಹೆಸರು ಬೇಡ ಅಂದವರು, ಐನೂರು.
'ಆ ಕಾಲದಲ್ಲಿ ರೆಬೆಲ್ಲೊ ಸರ್‌ಗೆ ನಾಲ್ಕಾಣೆ ಬಾಕಿ ಇತ್ತು', ಸಾವಿರ.
ಮದುವೆ ಮನೆಯಲ್ಲಿ ಸ್ಟೀಲು ಕೊಡ ಕೊಟ್ಟವರನ್ನೂ ಬರೆಯುತ್ತಾರಲ್ಲ,
ಹಾಗೆ ಮುನ್ನೂರ ಹದಿನೈದನೇ ಸಾಲು ಸೇರಿಸಿದೆ:
ಪಿ. ವನಮಾಲ, ಪೇಪರ್ ಟೌನ್. ಒಂದು ನಕ್ಷೆ.

ಹಾಲೇಶಪ್ಪ ಪ್ಲೇಟನ್ನು ಟ್ಯೂಬ್‌ಲೈಟಿಗೆ ಹಿಡಿದ.
'ರೊಕ್ಕದ ಕಾಲಮ್ಮು ಖಾಲಿ ಐತಲ್ಲ ಮೇಡಂ.'
'ಇರಲಿ.'
ಮಶೀನು ಹೊರಟಿತು.
ಮೊದಲ ಐವತ್ತು ಹಾಳೆ ಮಸಿ ಹಿಡಿಯದೆ ಕೆಟ್ಟವು.
ಅವನ್ನು ಎಸೆಯಲು ಬಿಡದೆ ಮಡಿಸಿಟ್ಟೆ.
ಸಾಗರಕ್ಕೆ ಮೊರ ವಾಪಸು ಕಳಿಸಬೇಕು,
ಬರಿ ಮೊರ ಕಳಿಸಬಾರದು.