ಎಡಗಣ್ಣು ಮೊದಲು

ಲಚ್ಚಕ್ಕ ಮೆಂಡನ್ ಜೋತ ರೆಪ್ಪೆಯನ್ನು
ಬೆರಳಲ್ಲಿ ಎತ್ತಿ ಹಿಡಿದೇ ಒಳಗೆ ಬಂದರು.
"ಏಲದಲ್ಲಿ ಕಣ್ಣು ಹೊಡೆದೆನೆಂದು
ಎರಡು ಬುಟ್ಟಿ ಬಂಗುಡೆ ನನ್ನ ತಲೆಗೆ ಕಟ್ಟಿದರು, ಡಾಕ್ಟ್ರೇ."

ನಾನು ನಕ್ಕೆ. ಎಕೋ ವರದಿ ನಗಲಿಲ್ಲ:
ಹಿಗ್ಗಿದ ಹೃದಯ, ಸೋತ ಸ್ನಾಯು,
ನೂರಕ್ಕೆ ಇಪ್ಪತ್ತೆಂಟು.
ಹಿಗ್ಗು ಅನ್ನುವ ಮಾತಿಗೆ
ಹೀಗೂ ಒಂದು ಅರ್ಥ.

ಮಲಗಿದರೆ ಉಸಿರು ಕಟ್ಟುತ್ತದೆ;
ಮೂರು ದಿಂಬು, ಅರೆಕುಳಿತ ಮೈ,
ಅಳೆದಳೆದು ಚುಚ್ಚಿದ ಮರಗಟ್ಟಿಸುವ ಮದ್ದು.
ವೀಳ್ಯದೆಲೆಯ ತುದಿಯಷ್ಟು ತೊಗಲು ತೆಗೆದೆ,
ಕಿವಿಯೆಲ್ಲ ಮಾನಿಟರಿನ ಕಡೆಗೆ.
"ಹೆದರಬೇಡಿ" ಎಂದರು
ಅವರೇ.

ಹೊಲಿಗೆ ಬಿಚ್ಚಿದ ದಿನ ಕನ್ನಡಿ ಕೇಳಲಿಲ್ಲ.
ಕಿಟಕಿಗೆ ಹೋಗಿ, ಏದುಸಿರು ಇಳಿಯುವವರೆಗೆ ನಿಂತು,
"ಇಲ್ಲಿಂದ ಮಲ್ಪೆ ಕಾಣುವುದಿಲ್ಲವಾ?"
ಇಲ್ಲ, ಎಂದೆ.
"ಹಾಗಾದರೆ ಬಲಗಣ್ಣಿಗೆ ಯಾವಾಗ?"