ತಾಳು = ೯೦

ನರೀನ್. ಏಪ್ರಿಲ್. ರಾತ್ರಿ ಎರಡೂಕಾಲು.
ಕಲ್ಲಿದ್ದಲ ಒಲೆ ಬೂದಿ ಹೊದ್ದು ಮಲಗಿದೆ.
ಸಕ್ಕರೆಯಿಲ್ಲದ ಚಹಾ, ನಿನ್ನೆಯ ರೊಟ್ಟಿಯ ಅಂಚು.
ಕಪ್ಪು ಪರದೆಯ ಮೇಲೆ ಕರ್ಸರ್
ಕಣ್ಣು ಮಿಟುಕಿಸುತ್ತಲೇ ಇದೆ:
ಹೇಳು, ಏನಾದರೂ ಹೇಳು.

ನೂರಾಹತ್ತು ಕಿಲೋಮೀಟರು ಮೇಲೆ,
ಹಿಮನದಿಯ ಬುಡದ ಕೆರೆಯ ದಂಡೆಗೆ
ತಗಡಿನ ಗೂಡು, ಗೂಡಿನಲ್ಲೊಂದು ಯಂತ್ರ.
ನೀರು ಎಷ್ಟು ಏರಿತು, ಅಷ್ಟು ಹೇಳುವುದೇ ಅದರ ಕಸುಬು.
ಮಂಗಳವಾರದಿಂದ ಬಾಯಿ ಬಿಟ್ಟಿಲ್ಲ.
ಕೆಳಗಿನ ಮೂರು ಹಳ್ಳಿ ಅದರ ಮಾತು ನಂಬಿ ಮಲಗುತ್ತವೆ.
ದಾರಿಯ ಮೇಲೆ ಹಿಮ ಕುಸಿದಿದೆ,
ಕುದುರೆಯೂ ಹೋಗದು, ನಾನೂ.
ಹೋಗಬಲ್ಲದ್ದು ಒಂದು ಸಾಲು ಅಕ್ಷರ ಮಾತ್ರ.

ಕಾನ್ಫಿಗ್ ಕಡತ ತೆರೆಯುತ್ತೇನೆ.
ಯಾವ ಪೋರ್ಟಿನಿಂದ ಕರೆಂಟು: ನಾಲ್ಕು.
ಯಾವ ಕರ್ನಲ್: ಹಳೆಯದು, ಗುಣ ಗೊತ್ತಿರುವುದು.
ಎಲ್ಲಿಂದ ಇಳಿಸಿಕೊಳ್ಳಬೇಕು: ಈ ಮೇಜಿನ ಕೆಳಗೆ
ಗೊರಕೆ ಹೊಡೆಯುವ ಸರ್ವರಿನಿಂದ.
ಆರು ಜೋಡಿ ಅಂಕಿ-ಅಕ್ಷರಗಳ ಅದರ ವಿಳಾಸ,
ಒಂದೊಂದು ಜೋಡಿಗೂ ಬೆರಳಿಟ್ಟು ಓದುತ್ತೇನೆ,
ಒಂದು ತಪ್ಪಿದರೂ
ಇನ್ಯಾರದೋ ಬಾಗಿಲು ತಟ್ಟಿದಂತೆ.
ತಪ್ಪಿಲ್ಲ. ಎಂಟರ್.

ರೇಡಿಯೋದಲ್ಲಿ ಬತ್ಮಾ ಅಜ್ಜಿ.
ಯಾಕ್ ಮಂದೆಯ ಜತೆ ಚಳಿಗಾಲವಿಡೀ ಅಲ್ಲೇ ಇರುವಾಕೆ,
ಅವಳ ಬಾಗಿಲಿಗೆ ಗೂಡಿನ ದೀಪ ಕಾಣುತ್ತದೆ.
"ಬಂತು ಬಂತು, ಹಸಿರು!"
ಆಮೇಲೆ ಗಾಳಿಯ ಸದ್ದು.
"ಹೋಯ್ತು ಮಗಳೇ."
ಮತ್ತೆ ಎಂಟರ್. ಬಂತು. ಹೋಯ್ತು.
ಏಳನೇ ಸಲಕ್ಕೆ ಅಜ್ಜಿಗೆ ರೇಗಿತು:
"ಐದು ಎಣಿಸುವಷ್ಟರಲ್ಲಿ ಅದರ ಕತ್ತು ಹಿಸುಕುತ್ತೀಯಲ್ಲೇ!"

ಐದು.

ಸೋಮವಾರ ಈ ಕಡತವನ್ನು ಚೊಕ್ಕ ಮಾಡಿದವಳು ನಾನೇ.
ನನಗಿಂತ ಮುಂಚೆ ಈ ಕುರ್ಚಿಯಲ್ಲಿದ್ದ ಎಸೆನ್‌ಗುಲ್
ಬರೆದಿದ್ದ: ತಾಳು = ೯೦.
ಪಕ್ಕದಲ್ಲೊಂದು ಟಿಪ್ಪಣಿ, ತಪ್ಪು ಕಾಗುಣಿತದ್ದು,
ಡಿಸ್ಕಿಗೆ ಚಳಿ, ಬಯ್ಯಬೇಡ ಎಂದು.
ನಕ್ಕಿದ್ದೆ. ತೊಂಬತ್ತು ಸೆಕೆಂಡು!
ಅಷ್ಟರಲ್ಲಿ ಚಹಾ ಕುದಿಯುತ್ತದೆ.
ಟಿಪ್ಪಣಿ ಅಳಿಸಿ ಐದು ಬರೆದೆ,
ಹಬ್ಬಕ್ಕೆ ಮನೆ ಗುಡಿಸುವವಳ ಹುಮ್ಮಸ್ಸಿನಲ್ಲಿ.

ಮೈನಸ್ ಇಪ್ಪತ್ತೆರಡರಲ್ಲಿ ಮರಗಟ್ಟಿದ ಡಿಸ್ಕು
ಮಗ್ಗಲು ಬದಲಿಸುವ ಮೊದಲೇ
ಉತ್ತರವಿಲ್ಲವೆಂದು ಕರೆಂಟು ಕಿತ್ತು,
ಮತ್ತೆ ಕೊಟ್ಟು, ಮತ್ತೆ ಕಿತ್ತು,
ಮೂರು ದಿನ ನನ್ನ ಆಜ್ಞೆಯೇ ಅದನ್ನು
ಏಳಲು ಬಿಟ್ಟಿರಲಿಲ್ಲ.

ಎಸೆನ್‌ಗುಲ್ ಈಗ ಓಶ್‌ನಲ್ಲಿ ಟೈರು ಮಾರುತ್ತಾನೆ.
ಈ ಹೊತ್ತಿನಲ್ಲಿ ಫೋನು ಮಾಡುವಂತಿಲ್ಲ,
ಮಾಡಿದರೂ ಏನೆನ್ನಲಿ.
ತೊಂಬತ್ತು ಎಂದು ತಿದ್ದುತ್ತೇನೆ.
ಟಿಪ್ಪಣಿಯನ್ನೂ ನೆನಪಿದ್ದಷ್ಟು ಬರೆಯುತ್ತೇನೆ,
ಅವನ ಕಾಗುಣಿತದ ತಪ್ಪು ಸಮೇತ.

ಎಂಟರ್.

"ಹಸಿರು" ಎಂದಳು ಅಜ್ಜಿ. ಎಣಿಸತೊಡಗಿದಳು, ಗಟ್ಟಿಯಾಗಿ,
ಸಂಜೆ ಮಂದೆ ಎಣಿಸುವ ರಾಗದಲ್ಲಿ.
ನಾಲ್ಕು. ಐದು. ಆರು.
ನಲವತ್ತರ ಹತ್ತಿರ ಕೆಮ್ಮು ಬಂತು, ಲೆಕ್ಕ ತಪ್ಪಿತು,
ಮೂವತ್ತೈದರಿಂದ ಮತ್ತೆ ಹಿಡಿದಳು.
ಪರದೆಯಲ್ಲಿ ಮೊದಲು ಒಂದು ಸಾಲು,
ಆಮೇಲೆ ದಬದಬನೆ ಇಪ್ಪತ್ತು,
ಆಮೇಲೆ, ಎಡ ಮೂಲೆಯಲ್ಲಿ, ಸಣ್ಣಗೆ:
ನೀರಿನ ಮಟ್ಟ ೩.೪೧.

ಅವಳಿಗೆ ಹೇಳಬೇಕು, ಸಾಕು ಎಂದು.
ರೇಡಿಯೋದ ಗುಂಡಿಯ ಮೇಲೆ ಹೆಬ್ಬೆರಳಿದೆ.
ಅರವತ್ತೆರಡು, ಎನ್ನುತ್ತಾಳೆ. ಅರವತ್ತಮೂರು.