ಅರ್ತ್

ಹದಿನೆಂಟು ಪೆಟ್ಟಿಗೆ ತುಡುವೆ ಜೇನು
ಕತ್ತಲಾದ ಮೇಲೇ ಹೊರಡಬೇಕು ಆನಂದಪುರದ ಕಡೆ.
ಅಂಟುವಾಳ ಹೂ ಬಿಟ್ಟಿದೆಯಂತೆ.
ಟ್ರೇಲರಿಗೆ ಹಿಂದೆ ದೀಪವಿಲ್ಲ.

ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲಿ
ದಸ್ತಗೀರ್ ನನ್ನ ಸ್ಕಾರ್ಪಿಯೋದ ಹೊಟ್ಟೆಯಡಿ ಅಂಗಾತ.
ಹಳದಿ ಎಡಕ್ಕೆ, ಹಸಿರು ಬಲಕ್ಕೆ, ಕೆಂಪು ಬ್ರೇಕಿಗೆ.
ಹಲ್ಲಲ್ಲೇ ಸಿಪ್ಪೆ ಸುಲಿದು
ತಾಮ್ರದ ಎಳೆ ಹೊಸೆಯುತ್ತಾನೆ
ಸಂಜೆಗೆ ಬತ್ತಿ ಹೊಸೆದ ಹಾಗೆ.

ಎಡಕ್ಕೆ ಸಿಗ್ನಲ್ ಹಾಕಿದರೆ
ಎಡವೂ ಬಲವೂ ಮಂಕಾಗಿ ಮಿಣುಕಿ
ಬ್ರೇಕೂ ಜೊತೆಗೆ ಕಣ್ಣು ಪಿಳುಕಿಸಿತು.
"ಅರ್ತ್ ಆಗಿಲ್ಲ ಅಕ್ಕಾ."
ನನಗೂ ಅರ್ಥ ಆಗಿಲ್ಲ, ಅಂದೆ.
ಅವನು ನಗಲಿಲ್ಲ.
ಚಾಸಿಯ ಕರಿ ಬಣ್ಣ ಕೆರೆದ, ಕೆರೆದ,
ಕಬ್ಬಿಣದ ಬರಿಮೈ ಹೊಳೆಯುವವರೆಗೆ.
ಅಲ್ಲಿ ಬಿಳಿ ತಂತಿ, ಒಂದೇ ಬೋಲ್ಟು.

"ಒತ್ತಿ." ಒತ್ತಿದೆ.
ನನ್ನ ದೀಪ ನನಗೆಲ್ಲಿ ಕಾಣಬೇಕು?
ಕನ್ನಡಿಯಲ್ಲಿ ಅವನ ಬನಿಯನ್ನು ಕೆಂಪಾಯಿತು.

ಕುಂಸಿ ದಾಟಿದ ಮೇಲೆ
ಹಿಂದಿನ ಲಾರಿಯವನು ಹಾರ್ನ್ ಹೊಡೆಯದೆ
ಅಷ್ಟು ದೂರದಲ್ಲೇ ಉಳಿದ.
ಎಡಕ್ಕೆ ಹೊರಳಿದೆ. ಟಿಕ್, ಟಿಕ್.
ಬೆನ್ನ ಹಿಂದೆ ಹದಿನೆಂಟು ರಾಣಿಯರು,
ನಿದ್ದೆಯೋ ಎಚ್ಚರವೋ.
ಚಿಲ್ಲರೆಯಿಲ್ಲದೆ ಐವತ್ತು ರೂಪಾಯಿ
ದಸ್ತಗೀರನಿಗೆ ಬಾಕಿ.